ದಾಳ ಉರುಳಿಸಿ, ಸ್ಟ್ಯಾನ್ಲಿ ಕಪ್ ಆಡಿಸಿ!

ಹಿಂದಿನ ಬೆಂಚಿನಲ್ಲಿ ಕುಳಿತು ಓದಿದವರಿಗೆಲ್ಲ ಬುಕ್ ಕ್ರಿಕೆಟ್ ಗೊತ್ತು. ಸಮಾಜ ವಿಜ್ಞಾನದ ದಪ್ಪ ಪುಸ್ತಕವನ್ನು ಎಲ್ಲೋ ಒಂದು ಕಡೆ ಫಟ್ಟನೆ ತೆರೆಯುವುದು, ಎಡಗಡೆಯ ಪುಟಸಂಖ್ಯೆಯ ಕೊನೆಯ ಅಂಕಿ ನೋಡುವುದು. ನಾಲ್ಕು ಬಂದರೆ ಬೌಂಡರಿ, ಆರು ಬಂದರೆ ಸಿಕ್ಸರ್, ಸೊನ್ನೆ ಬಂದರೆ ಔಟ್. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮತ್ತೆ ಈ ಕಡೆ ನೋಡುವಷ್ಟರಲ್ಲಿ ಒಂದು ಇನಿಂಗ್ಸೇ ಮುಗಿದಿರುತ್ತಿತ್ತು.

ಆ ಆಟದಲ್ಲಿ ಒಂದು ದೋಷವಿತ್ತು. ಸುನಿಲ್ ಗಾವಸ್ಕರ್ ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ್ದು 10,122 ರನ್. ನಮ್ಮ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್ ಆಡಿ 242 ವಿಕೆಟ್ ಕಿತ್ತರು, ಆದರೆ ಬ್ಯಾಟಿನಿಂದ ಬಂದದ್ದು ಎಲ್ಲ ಸೇರಿ 167 ರನ್ ಮಾತ್ರ. ಬುಕ್ ಕ್ರಿಕೆಟ್‌ನಲ್ಲಿ ಇಬ್ಬರೂ ಸಮಾನರು! ಚಂದ್ರ ಶತಕ ಬಾರಿಸಿ, ಗಾವಸ್ಕರ್ ಸೊನ್ನೆಗೆ ಹೋಗುವುದು ಅಲ್ಲಿ ದಿನನಿತ್ಯದ ಮಾತು. ಪುಸ್ತಕಕ್ಕೆ ಬ್ಯಾಟ್ ಹಿಡಿದವರು ಯಾರೆಂದು ತಿಳಿಯದು.

ಅದನ್ನು ತಿಳಿಸಿಕೊಡುವ ಉಪಾಯ ಹುಡುಕಿದವರೂ ಇದ್ದಾರೆ. ಅಮೆರಿಕದ ಹಾಲ್ ರಿಚ್‌ಮನ್ ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ ದಾಳ ಉರುಳಿಸಿ ಬೇಸ್‌ಬಾಲ್ ಆಡುವ ವಿಧಾನವೊಂದನ್ನು ಕಟ್ಟತೊಡಗಿದ. 1961ರಲ್ಲಿ ಅದು ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಕಾರ್ಡು. ಆತ ಹಿಂದಿನ ವರ್ಷ ನಿಜವಾಗಿ ಹೇಗೆ ಆಡಿದ್ದನೋ ಅದಕ್ಕೆ ತಕ್ಕ ಅಂಕಿಗಳು ಕಾರ್ಡಿನ ಮೇಲೆ. ದಾಳ ಎಲ್ಲರಿಗೂ ಒಂದೇ, ಆದರೆ ಒಳ್ಳೆಯ ಆಟಗಾರನ ಕಾರ್ಡಿನಲ್ಲಿ ಒಳ್ಳೆಯ ಫಲಗಳು ಹೆಚ್ಚು. ಮುಂದೆ ಐಸ್ ಹಾಕಿಗೂ ಇಂಥ ಆಟ ಬಂತು. ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ತಂಡ ಹಿಡಿದು, ಇಡೀ ಋತುವಿನ ಪಂದ್ಯಗಳನ್ನು ಮೇಜಿನ ಮೇಲೆಯೇ ಆಡಿ, ಕೊನೆಗೆ ಪ್ಲೇಆಫ್ ಸುತ್ತುಗಳನ್ನೂ ನಡೆಸತೊಡಗಿದರು. ದಾಳದ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡ ಮೇಲಂತೂ ಇಂಥ ಅಣಕು ಲೀಗ್‌ಗಳಿಗೆ ಲೆಕ್ಕವಿಲ್ಲ.

ಬೆಂಗಳೂರಿನ ಬಿಸಿಲಿನಲ್ಲಿ ಐಸ್ ಹಾಕಿಯ ಮಾತೇಕೆ ಎನ್ನುತ್ತೀರಾ? ಕಾರಣ ನನ್ನ ಅಕ್ಕನ ಮಗ.

ಅಕ್ಕನ ದೂರು

ಫೆಬ್ರುವರಿಯ ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಬಾಗಿಲಲ್ಲೇ ದೂರು ಕಾದಿತ್ತು. “ಪ್ರಿಪರೇಟರಿಯಲ್ಲಿ ಗಣಿತಕ್ಕೆ ಎಂಬತ್ತಕ್ಕೆ ನಲವತ್ತೆಂಟು ಬಂದಿದೆ ಕಣೋ. ಎಸ್ಸೆಸ್ಸೆಲ್ಸಿ ತಲೆ ಮೇಲೆ ಕೂತಿದೆ. ಇವನು ನೋಡಿದರೆ ದಾಳ ಉರುಳಿಸ್ತಾ ಕೂತಿದಾನೆ. ನೀನಾದರೂ ಬುದ್ಧಿ ಹೇಳು.”

ಒಳಗೆ ಹೋದರೆ ಹುಡುಗ ಲೂಡೊ ಪೆಟ್ಟಿಗೆಯ ದಾಳ ಹಿಡಿದು ಕುಳಿತಿದ್ದ. ಮುಂದೆ ರೂಲ್ಡ್ ನೋಟ್‌ಬುಕ್ಕು. ಅದರಲ್ಲಿ ಹದಿನಾರು ತಂಡಗಳ ಹೆಸರು, ಎರಡೆರಡನ್ನು ಕೂಡಿಸಿ ಎಳೆದ ಗೆರೆಗಳು, ಗೆರೆಯ ತುದಿಯಲ್ಲಿ 4–2, 4–1 ಎಂಬ ಅಂಕಿಗಳು. ಟೊರಾಂಟೊದಲ್ಲಿರುವ ಅವನ ಚಿಕ್ಕಪ್ಪ ಫೋನಿನಲ್ಲಿ ಅಲ್ಲಿನ ಹಾಕಿಯ ಹುಚ್ಚನ್ನು ಇವನಿಗೂ ಹತ್ತಿಸಿದ್ದಾರೆ. “ಇದು 2019ರ ಪ್ಲೇಆಫ್, ಮಾಮ. ಆ ವರ್ಷ ಬೆಸ್ಟ್ ಟೀಮ್ ಮೊದಲನೇ ರೌಂಡಿನಲ್ಲೇ ಹೋಯ್ತು. ಅದು ಹೇಗೆ ಅಂತ ನೋಡ್ತಿದೀನಿ” ಎಂದ.

ಬುದ್ಧಿ ಹೇಳಲು ಹೋದ ನಾನು ಊಟದ ಹೊತ್ತಿನವರೆಗೆ ಅವನ ಪಕ್ಕದಲ್ಲೇ ಕುಳಿತೆ.

ಅಂದು ಆಗಿದ್ದೇನು?

ಮೊದಲು ಆಟದ ಪರಿಚಯ ಸ್ವಲ್ಪ ಬೇಕು. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಒಂದೊಂದು ಕಡೆ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಇಪ್ಪತ್ತು ನಿಮಿಷದ ಮೂರು ಅವಧಿಗಳು. ನಮ್ಮಲ್ಲಿ ಲಡಾಖಿನ ಮಕ್ಕಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುವುದೂ ಇದೇ ಆಟ.

ಅಮೆರಿಕ ಮತ್ತು ಕೆನಡಾದ ವೃತ್ತಿಪರ ತಂಡಗಳ ನ್ಯಾಷನಲ್ ಹಾಕಿ ಲೀಗ್ ಹುಟ್ಟಿದ್ದು 1917ರಲ್ಲಿ. ಅದರ ಗೆದ್ದ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್ ಲೀಗಿಗಿಂತಲೂ ಹಳೆಯದು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟದ್ದು. 2018–19ರ ಋತುವಿನಲ್ಲಿ ಲೀಗಿನಲ್ಲಿ 31 ತಂಡಗಳಿದ್ದವು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಂದೊಂದಕ್ಕೂ 82 ಪಂದ್ಯ. ಆಮೇಲೆ ಹದಿನಾರು ತಂಡಗಳಿಗೆ ಪ್ಲೇಆಫ್. ಒಂದೊಂದು ಸರಣಿಯಲ್ಲಿ ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ. ಹದಿನಾರು ಎಂಟಾಗಿ, ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಕೊನೆಗೆ ಒಂದು. ನಾಲ್ಕು ಸುತ್ತು, ಒಟ್ಟು ಹದಿನೈದು ಸರಣಿ.

ಆ ವರ್ಷ ಫ್ಲಾರಿಡಾದ ಟ್ಯಾಂಪಾ ಬೇ ಲೈಟ್ನಿಂಗ್ ತಂಡ 82ರಲ್ಲಿ 62 ಪಂದ್ಯ ಗೆದ್ದು, 1995–96ರಲ್ಲಿ ಡೆಟ್ರಾಯಿಟ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿತ್ತು. ಕಪ್ಪು ಇವರದೇ ಎಂದು ಎಲ್ಲರೂ ಭಾವಿಸಿದ್ದರು. ಮೊದಲ ಸುತ್ತಿನ ಎದುರಾಳಿ ಕೊಲಂಬಸ್ ಬ್ಲೂ ಜಾಕೆಟ್ಸ್, 2000ದಲ್ಲಿ ಲೀಗಿಗೆ ಬಂದ ಮೇಲೆ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿರದ ತಂಡ. ಮೊದಲ ಪಂದ್ಯದ ಮೊದಲ ಅವಧಿಯಲ್ಲೇ ಟ್ಯಾಂಪಾ 3–0 ಮುಂದು, ಅದೂ ಸ್ವಂತ ಅಂಗಳದಲ್ಲಿ. ಪಂದ್ಯ ಮುಗಿದಾಗ 4–3, ಗೆದ್ದವರು ಕೊಲಂಬಸ್! ಮುಂದಿನ ಮೂರೂ ಅವರದೇ: 5–1, 3–1, 7–3. ಆರು ತಿಂಗಳ ದೊರೆಗಳು ಒಂದು ವಾರದಲ್ಲಿ ಮನೆಗೆ ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ಲೀಗಿನ ನಾಲ್ಕು ವಿಭಾಗಗಳ ಅಗ್ರ ತಂಡಗಳು ನಾಲ್ಕೂ ಆ ವರ್ಷ ಮೊದಲ ಸುತ್ತಿನಲ್ಲೇ ಸೋತವು. ಕಪ್ ಗೆದ್ದದ್ದು ಸೇಂಟ್ ಲೂಯಿಸ್ ಬ್ಲೂಸ್. ಹೊಸವರ್ಷದ ಮೊದಲ ವಾರದಲ್ಲಿ, 2019ರ ಜನವರಿ 3ರಂದು, ಅಂಕಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ ಅದು!

ಟ್ಯಾಂಪಾದವರಿಗೆ ಒತ್ತಡ ತಡೆಯಲಾಗಲಿಲ್ಲ, ಅಹಂಕಾರ ಬಂತು ಎಂದೆಲ್ಲ ವಿವರಣೆಗಳು ಹುಟ್ಟಿಕೊಂಡವು. ಇರಬಹುದು. ಆದರೆ ವಿವರಣೆಗೆ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಂಥದ್ದು ಸುಮ್ಮನೆ ಆಕಸ್ಮಿಕವಾಗಿಯೇ ಎಷ್ಟು ಸಲ ಆಗುತ್ತದೆ? ಹುಡುಗನ ದಾಳ ಉತ್ತರಿಸುತ್ತಿದ್ದದ್ದು ಈ ಪ್ರಶ್ನೆಗೆ.

ಒಂದು ದಾಳ, ಒಂದು ನೋಟ್‌ಬುಕ್

ಅವನ ನಿಯಮ ಸರಳ. ದಾಳದಲ್ಲಿ ಒಂದರಿಂದ ನಾಲ್ಕರವರೆಗೆ ಬಿದ್ದರೆ ಬಲವಾದ ತಂಡಕ್ಕೆ ಪಂದ್ಯ. ಐದು, ಆರು ಬಿದ್ದರೆ ದುರ್ಬಲ ತಂಡಕ್ಕೆ. ಅಂದರೆ ಮೂರು ಪಂದ್ಯಗಳಲ್ಲಿ ಎರಡನ್ನು ಗೆಲ್ಲಬಲ್ಲ ತಂಡ. ಪ್ಲೇಆಫ್‌ಗೆ ಬರುವವರೆಲ್ಲ ಒಂದು ಮಟ್ಟದವರೇ ಆದ್ದರಿಂದ ಅಲ್ಲಿ ಇದು ಬಹು ದೊಡ್ಡ ಅಂತರವೇ ಸರಿ. ಯಾರಾದರೂ ನಾಲ್ಕು ಗೆಲ್ಲುವವರೆಗೆ ಉರುಳಿಸಬೇಕು. ದಾಳ ಹೀಗೆ ಬಿತ್ತೆನ್ನಿ: 5, 6, 2, 5, 4, 1, 6. ದುರ್ಬಲ ತಂಡಕ್ಕೆ ನಾಲ್ಕು, ಬಲಶಾಲಿಗೆ ಮೂರು. ಸರಣಿ ಮುಗಿಯಿತು. ಇದನ್ನು ಕಣ್ಣಾರೆ ಕಂಡವರು ಯಾರೂ “ಆರಕ್ಕೆ ಛಲ ಹೆಚ್ಚು” ಎನ್ನುವುದಿಲ್ಲವಲ್ಲ!

ಒಂದು ಸರಣಿಯಿಂದ ಏನೂ ತಿಳಿಯದು. ನೂರು ಸರಣಿ ಆಡಿಸಿದರೆ ಚಿತ್ರ ಮೂಡುತ್ತದೆ: ಬಲವಾದ ತಂಡ ಸುಮಾರು 83 ಸರಣಿ ಗೆಲ್ಲುತ್ತದೆ. ಸಂಭವನೀಯತೆಯ ಗಣಿತದಿಂದಲೂ ಇದನ್ನು ಲೆಕ್ಕ ಹಾಕಬಹುದು, ಉತ್ತರ ಅದೇ. ಆದರೆ ಕಪ್ಪಿಗೆ ನಾಲ್ಕು ಸುತ್ತು ದಾಟಬೇಕು. 0.83ನ್ನು ಅದರಿಂದಲೇ ಮೂರು ಸಲ ಗುಣಿಸಿ ನೋಡಿ. ಸುಮಾರು 0.47. ಪ್ರತಿ ಎದುರಾಳಿಯನ್ನೂ ಮೂರರಲ್ಲಿ ಎರಡು ಸಲ ಸೋಲಿಸಬಲ್ಲ ತಂಡ ಕೂಡ ಕಪ್ ಗೆಲ್ಲುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು!

ಹತ್ತರಲ್ಲಿ ಆರು ಗೆಲ್ಲುವ ತಂಡವಾದರೆ? ಇದಕ್ಕೆ ದಾಳ ಸಾಲದು. ಒಂದು ಡಬ್ಬಿಯಲ್ಲಿ ಹತ್ತು ಚೀಟಿ ಹಾಕಿ, ಆರಕ್ಕೆ ಗುರುತು ಮಾಡಿ, ಒಂದನ್ನೆತ್ತಿ ನೋಡಿ, ಮತ್ತೆ ಒಳಗೆ ಹಾಕಿ ಕುಲುಕಬೇಕು. ಈ ತಂಡ ನೂರರಲ್ಲಿ ಸುಮಾರು 71 ಸರಣಿ ಗೆಲ್ಲುತ್ತದೆ, ಕಪ್ ಮಾತ್ರ ನಾಲ್ಕು ವರ್ಷಕ್ಕೊಮ್ಮೆ.

ಅಂದ ಹಾಗೆ, ಮನೆಯಲ್ಲಿ ಚೌಕಾಬಾರದ ಕವಡೆಗಳಿವೆ ಎಂದು ಅವನ್ನು ಬಳಸಲು ಹೊರಟೀರಿ. ಕವಡೆ ಬೆನ್ನಡಿಯಾಗಿ ಬೀಳುವುದೂ ಮುಖವಡಿಯಾಗಿ ಬೀಳುವುದೂ ಸಮಸಮವೆಂದು ನಂಬುವಂತಿಲ್ಲ, ಅದರ ಆಕಾರವೇ ಹಾಗಿದೆ. ಮೊದಲು ಇನ್ನೂರು ಸಲ ಎಸೆದು ಎಣಿಸಿಕೊಳ್ಳಿ.

ಇನ್ನು ಟ್ಯಾಂಪಾದ ಸೋಲು. ಮೂರರಲ್ಲಿ ಎರಡು ಗೆಲ್ಲುವ ತಂಡ ಸತತ ನಾಲ್ಕು ಸೋಲುವ ಸಂಭವ, ಮೂರನೇ ಒಂದನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 81ರಲ್ಲಿ ಒಂದು. ಅಪರೂಪವೇ ಸರಿ. ಆದರೆ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಎಂಟು ಸರಣಿಗಳು ನಡೆಯುತ್ತವೆ. ಹತ್ತು ವರ್ಷಕ್ಕೆ ಎಂಬತ್ತಾಯಿತು! ಯಾರಿಗೆ, ಯಾವ ವರ್ಷ ಎಂದು ಹೇಳಲಾಗದು. ಆದರೆ ಎಲ್ಲೋ ಒಬ್ಬರಿಗೆ ಈ ಪೆಟ್ಟು ಬೀಳುವುದರಲ್ಲಿ ಅಚ್ಚರಿಯಿಲ್ಲ. 2023ರಲ್ಲಿ ಬಾಸ್ಟನ್ ಬ್ರುಯಿನ್ಸ್ ಸರದಿ ಬಂತು. 65 ಪಂದ್ಯ ಗೆದ್ದು ಹಳೆಯ ದಾಖಲೆಗಳನ್ನೆಲ್ಲ ಮುರಿದ ತಂಡ ಮೊದಲ ಸುತ್ತಿನಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ವಿರುದ್ಧ 3–1 ಮುಂದಿದ್ದು, ಉಳಿದ ಮೂರನ್ನೂ ಸೋತಿತು.

ಅಡುಗೆಮನೆಯಿಂದ ಬಂದ ಅಕ್ಕ ಇದನ್ನೆಲ್ಲ ನಿಂತೇ ಕೇಳಿದಳು. ನಾನು ಹುಡುಗನ ಹಿಂದಿನ ಪರೀಕ್ಷೆಗಳ ಅಂಕ ಕೇಳಿದೆ. ವರ್ಷವಿಡೀ ಗಣಿತದಲ್ಲಿ ಎಂಬತ್ತಕ್ಕೆ ಅರವತ್ತೈದಕ್ಕಿಂತ ಕೆಳಗೆ ಇಳಿದವನಲ್ಲ. ಹಾಗಿದ್ದರೆ ಈ ನಲವತ್ತೆಂಟು ಬರೀ ಆಕಸ್ಮಿಕವೇ? ಹಾಗೆನ್ನಲೂ ಬಾರದು, ಪರೀಕ್ಷೆ ದಾಳವಲ್ಲ, ಎಲ್ಲಿ ಜಾರಿದೆ ಎಂದು ಉತ್ತರಪತ್ರಿಕೆ ತೆರೆದರೆ ಗೊತ್ತಾಗುತ್ತದೆ. ಆ ಉತ್ತರಪತ್ರಿಕೆಯನ್ನು ಮನೆಯಲ್ಲಿ ಅಂದಿನವರೆಗೆ ಯಾರೂ ತೆರೆದಿರಲಿಲ್ಲ. ಮೇಲಿನ ಅಂಕಿ ನೋಡಿ ಬೈದದ್ದಷ್ಟೇ ಆಗಿತ್ತು. ಸಂಜೆ ಮೂವರೂ ಕೂತು ನೋಡಿದೆವು. ಒಂದು ಇಡೀ ಪುಟದ ಎರಡು ಲೆಕ್ಕಗಳನ್ನು ಅವನು ಗಮನಿಸಿಯೇ ಇರಲಿಲ್ಲ.

ಇಸ್ಪೀಟಿನಿಂದ ಬಂದ ವಿದ್ಯೆ

ದಾಳ ಉರುಳಿಸಿ ಉತ್ತರ ಪಡೆಯುವುದು ಮಕ್ಕಳಾಟವೆಂದು ಯಾರಾದರೂ ಮೂಗು ಮುರಿದರೆ ಸ್ಟಾನಿಸ್ಲಾವ್ ಉಲಾಮ್ ಹೆಸರು ಹೇಳಿ. ಪೋಲೆಂಡಿನಿಂದ ಅಮೆರಿಕಕ್ಕೆ ಹೋದ ಈ ಗಣಿತಜ್ಞ 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ, ಹೊತ್ತು ಹೋಗದೆ ಒಬ್ಬನೇ ಇಸ್ಪೀಟು ಆಡುತ್ತಿದ್ದ. ಎಲೆ ಹರಡಿದಾಗ ಆಟ ಗೆಲ್ಲುವ ಸಂಭವ ಎಷ್ಟು ಎಂಬ ಪ್ರಶ್ನೆ ತಲೆಗೆ ಬಂತು. ಐವತ್ತೆರಡು ಎಲೆಗಳನ್ನು ಜೋಡಿಸುವ ವಿಧಾನಗಳ ಸಂಖ್ಯೆ ಬರೆದರೆ 68 ಅಂಕಿಗಳಾಗುತ್ತದೆ. ಸೂತ್ರ ಹಿಡಿದು ಲೆಕ್ಕ ಹಾಕುವುದು ಕೈಗೂಡದ ಮಾತು. ಅದರ ಬದಲು ನೂರು ಆಟ ಆಡಿ, ಎಷ್ಟು ಗೆದ್ದೆ ಎಂದು ಎಣಿಸಿದರೆ ಸಾಲದೇ?

ಉಲಾಮ್ ಈ ವಿಚಾರವನ್ನು ಗೆಳೆಯ ಜಾನ್ ವಾನ್ ನ್ಯೂಮನ್‌ಗೆ ಹೇಳಿದ. ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಪರಮಾಣು ಸ್ಫೋಟದ ವೇಳೆ ನ್ಯೂಟ್ರಾನುಗಳು ಹೇಗೆ ಚದುರುತ್ತವೆ ಎಂಬ ಕಗ್ಗಂಟಿಗೆ ಇದನ್ನು ಹೂಡಿದರು. ಎನಿಯಾಕ್ ಎಂಬ ಆಗಿನ ದೈತ್ಯ ಕಂಪ್ಯೂಟರ್ ದಾಳ ಉರುಳಿಸುವ ಕೆಲಸ ಮಾಡಿತು. ಜೂಜಿನ ಊರಿನ ಹೆಸರೇ ವಿಧಾನಕ್ಕೂ ಬಂತು: ಮಾಂಟೆ ಕಾರ್ಲೊ. ಹುಟ್ಟಿದ ಜಾಗ ಬಾಂಬಿನ ಕಾರ್ಖಾನೆ ಎಂಬುದು ಮನಸ್ಸಿಗೆ ಕಸಿವಿಸಿ ತರುತ್ತದಾದರೂ, ಸೇತುವೆ, ಔಷಧ, ವಿಮೆ ಎಲ್ಲದರ ಹಿಂದೆಯೂ ಇದು ಕೆಲಸ ಮಾಡುತ್ತಿದೆ. ಹಾಕಿಯ ಅಣಕು ಲೀಗಿನಲ್ಲಿ ಕಂಪ್ಯೂಟರು ಪ್ಲೇಆಫನ್ನು ಹತ್ತು ಸಾವಿರ ಸಲ ಆಡಿಸಿ “ಈ ತಂಡಕ್ಕೆ ಶೇ 18 ಅವಕಾಶ” ಎಂದು ಹೇಳುವುದೂ ಇದೇ ವಿದ್ಯೆ. ಹತ್ತು ಸಾವಿರದಲ್ಲಿ ಸಾವಿರದ ಎಂಟುನೂರು ಸಲ ಆ ತಂಡದ ಕೈಗೆ ಕಪ್ ಬಂತು ಎಂದಷ್ಟೇ ಅದರ ಅರ್ಥ. ವಾರಭವಿಷ್ಯಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ.

ಎಷ್ಟು ಸಲ ಆಡಿಸಬೇಕು? ಹತ್ತು ಸರಣಿಗಳಲ್ಲಿ ನಮ್ಮ ಬಲಶಾಲಿ ತಂಡ ಆರೇ ಗೆಲ್ಲಬಹುದು, ಹತ್ತೂ ಗೆಲ್ಲಬಹುದು. ನೂರಾದರೆ ಬಹುಮಟ್ಟಿಗೆ 75ರಿಂದ 90ರೊಳಗೆ ನಿಲ್ಲುತ್ತದೆ. ಆಟಗಳನ್ನು ನಾಲ್ಕು ಪಟ್ಟು ಮಾಡಿದರೆ ಏರುಪೇರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದಲೇ ಕಂಪ್ಯೂಟರು ಬೇಕಾಗುವುದು. ಶಾಲೆಯಲ್ಲಿ ನಲವತ್ತು ಮಕ್ಕಳು ತಲಾ ಹತ್ತು ಸರಣಿ ಆಡಿ ಕೂಡಿಸಿದರೆ ಒಂದೇ ಪೀರಿಯಡ್ಡಿನಲ್ಲಿ ನಾನೂರು ಸಿಗುತ್ತವೆ, ದುಡ್ಡಿನ ಖರ್ಚಿಲ್ಲ. ಆಟದಲ್ಲಿ ದುಡ್ಡು ಕಟ್ಟುವವರಿಗಂತೂ ಈ ನಾನೂರು ಸರಣಿಗಳನ್ನು ಒಮ್ಮೆ ತೋರಿಸಬೇಕು. ‘ಗ್ಯಾರಂಟಿ’ ತಂಡ ಎಷ್ಟು ಸಲ ಮುಗ್ಗರಿಸುತ್ತದೆ ಎಂದು ಅವರೇ ಎಣಿಸಲಿ.

ದಾಳಕ್ಕೆ ಗೊತ್ತಿಲ್ಲದ ಸಂಗತಿಗಳು

ಹಾಗೆಂದು ದಾಳವೇ ಸತ್ಯವಲ್ಲ. ಮೂರರಲ್ಲಿ ಎರಡು ಎಂಬ ಅಂಕಿಯನ್ನು ಕೊಟ್ಟದ್ದು ನಾವು. ಅದು ತಪ್ಪಾದರೆ ಹತ್ತು ಸಾವಿರ ಸಲ ಆಡಿಸಿದರೂ ತಪ್ಪೇ ಹತ್ತು ಸಾವಿರ ಸಲ ಬರುತ್ತದೆ. ನಿನ್ನೆಯ ಸೋಲು ಇಂದಿನ ಆಟವನ್ನು ಮುಟ್ಟುವುದಿಲ್ಲ ಎಂದೂ ದಾಳ ಭಾವಿಸುತ್ತದೆ. ಮನುಷ್ಯರು ಹಾಗಿರುತ್ತಾರೆಯೇ? 2019ರ ಆ ಸರಣಿಯ ಮೂರನೆಯ ಪಂದ್ಯದಲ್ಲಿ ಟ್ಯಾಂಪಾದ ದೊಡ್ಡ ಆಟಗಾರ ನಿಕಿಟಾ ಕುಚೆರೋವ್ ಇರಲೇ ಇಲ್ಲ. ಎರಡನೆಯ ಪಂದ್ಯದಲ್ಲಿ ಎದುರಾಳಿಯನ್ನು ಗೋಡೆಗೆ ತಳ್ಳಿದ್ದಕ್ಕೆ ಒಂದು ಪಂದ್ಯದ ನಿಷೇಧ. ಕಾರ್ಡು ಎಷ್ಟು ಚೆನ್ನಾಗಿದ್ದರೂ ಇದನ್ನು ಮೊದಲೇ ಹೇಳಲಾರದು.

ಇದರ ಅತಿ ದೊಡ್ಡ ಉದಾಹರಣೆ ಸಿಕ್ಕಿದ್ದು ಮರುವರ್ಷವೇ. ಕೋವಿಡ್ ಕಾರಣ 2020ರ ಮಾರ್ಚ್ 12ರಂದು ಲೀಗ್ ನಿಂತುಹೋಯಿತು. ಅಂಗಳಗಳಿಗೆ ಬೀಗ. ಹಾಕಿಯಿಲ್ಲದೆ ಬೇಸತ್ತ ಅಭಿಮಾನಿಗಳಿಗಾಗಿ ಕೆಲವು ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ವಿಡಿಯೊ ಗೇಮಿನಲ್ಲಿ ಉಳಿದ ಪಂದ್ಯಗಳನ್ನು ಆಡಿಸಿ ಫಲಿತಾಂಶ ಪ್ರಕಟಿಸಿದವು. ಆ ಅಣಕು ಪಂದ್ಯಗಳಲ್ಲಿ ಗ್ಯಾಲರಿ ತುಂಬ ಜನ ಕೂಗುತ್ತಿದ್ದರು! ನಿಜವಾದ ಪ್ಲೇಆಫ್ ಆಗಸ್ಟಿನಲ್ಲಿ ಶುರುವಾದಾಗ ಒಬ್ಬ ಪ್ರೇಕ್ಷಕನೂ ಇಲ್ಲ, ತಂಡಗಳು ಹದಿನಾರರ ಬದಲು ಇಪ್ಪತ್ತನಾಲ್ಕು, ಆಟವೆಲ್ಲ ಟೊರಾಂಟೊ ಮತ್ತು ಎಡ್ಮಂಟನ್ ಎಂಬ ಎರಡೇ ಊರುಗಳಲ್ಲಿ. ಯಾವ ಕಂಪ್ಯೂಟರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಟ್ಯಾಂಪಾದವರು ಏನು ಮಾಡಿದ್ದರು? ನಾಲ್ಕು ಪಂದ್ಯ ಸೋತರೆಂದು ಅವರು ತಂಡವನ್ನು ಒಡೆದು ಹೊಸದಾಗಿ ಕಟ್ಟಲು ಹೋಗಲಿಲ್ಲ. ಕೋಚ್ ಜಾನ್ ಕೂಪರ್ ಉಳಿದರು, ಮುಖ್ಯ ಆಟಗಾರರೂ ಉಳಿದರು. ವಿಧಿಯ ಆಟ ನೋಡಿ, 2020ರಲ್ಲೂ ಅವರಿಗೆ ಎದುರಾದದ್ದು ಅದೇ ಕೊಲಂಬಸ್! ಆಗಸ್ಟ್ 11ರ ಮೊದಲ ಪಂದ್ಯ ಮೂರು ಅವಧಿ ಮುಗಿದರೂ 2–2. ಪ್ಲೇಆಫ್‌ನಲ್ಲಿ ಗೋಲು ಬೀಳುವವರೆಗೆ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತಲೇ ಇರಬೇಕು. ಒಂದು ಹೆಚ್ಚುವರಿ ಅವಧಿ, ಎರಡು, ಮೂರು, ನಾಲ್ಕು. ಕೊಲಂಬಸ್‌ನ ಗೋಲ್‌ಕೀಪರ್ ಯೂನಾಸ್ ಕೊರ್ಪಿಸಾಲೊ ಅಂದು 85 ಹೊಡೆತಗಳನ್ನು ತಡೆದು ದಾಖಲೆ ಮಾಡಿದ. ಐದನೆಯ ಹೆಚ್ಚುವರಿ ಅವಧಿಯಲ್ಲಿ ಬ್ರೇಡನ್ ಪಾಯಿಂಟ್ ಹೊಡೆದ ಗೋಲಿನಿಂದ ಟ್ಯಾಂಪಾ ಗೆದ್ದಿತು. ಅದೇ ಅಂಗಳದಲ್ಲಿ ಆ ರಾತ್ರಿ ನಡೆಯಬೇಕಿದ್ದ ಇನ್ನೊಂದು ಪಂದ್ಯವನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಸರಣಿ 4–1. ಸೆಪ್ಟೆಂಬರ್ 28ರಂದು ಸ್ಟ್ಯಾನ್ಲಿ ಕಪ್ ಟ್ಯಾಂಪಾದ ಕೈಯಲ್ಲಿತ್ತು. 2021ರಲ್ಲಿ ಮತ್ತೊಮ್ಮೆ.

ಹುಡುಗನ ಅಣಕು ಲೀಗ್ ಪರೀಕ್ಷೆ ಮುಗಿಯುವವರೆಗೆ ಅಲಮಾರಿ ಸೇರಿತು. ಅದಕ್ಕೆ ಮುನ್ನ ಅವನು ನನಗೊಂದು ಪ್ರಶ್ನೆ ಹಾಕಿದ: “ಏಳು ಪಂದ್ಯ ಯಾಕೆ ಮಾಮ? ಒಂದೇ ಸಾಲದಾ?” ಮೂರರಲ್ಲಿ ಎರಡು ಗೆಲ್ಲುವ ತಂಡಕ್ಕೆ ಒಂದೇ ಪಂದ್ಯವಾದರೆ ಗೆಲ್ಲುವ ಅವಕಾಶ ಶೇ 67. ಮೂರು ಪಂದ್ಯಗಳ ಸರಣಿಗೆ ಶೇ 74, ಐದಕ್ಕೆ ಶೇ 79, ಏಳಕ್ಕೆ ಶೇ 83. ಒಂಬತ್ತು ಪಂದ್ಯಗಳ ಸರಣಿಗೆ ಎಷ್ಟು? ಐದು ಗೆಲ್ಲುವವರೆಗೆ ಉರುಳಿಸಬೇಕು. ಮನೆಯಲ್ಲಿ ದಾಳವಿದ್ದರೆ ಈ ಭಾನುವಾರ ಲೆಕ್ಕ ತೆಗೆದು ನೋಡಿ.